ಮಾಡೆಲ್ ಟ್ಯಾಂಕಿನ ವೆಲ್ಡಿಂಗ್ ಗೆರೆಗೆ ಏನು ಕೊಳ್ಳಬೇಕು: ತೆಳು ಸಿಮೆಂಟ್, ಮಿಲಿಪುಟ್, ಪೇಟೆಯ ಎಪಾಕ್ಸಿ

ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಮೇಲೆ ಒಂದು ವೆಲ್ಡಿಂಗ್ ಗೆರೆ, ಅಂದರೆ ಕವಚದ ತಟ್ಟೆಗಳನ್ನು ಬೆಸೆದ ಕಡೆ ಕಾಣುವ ಉಬ್ಬು ಗೆರೆ, ಮೂಡಿಸಲು ಇಷ್ಟೆಲ್ಲ ಸಾಮಾನು ಬೇಕೇ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ: ಬೇಡ. 1/35 ಅಳತೆಯ ಟ್ಯಾಂಕ್ ಕಟ್ಟುವವರು ಒಂದೇ ಒಂದು ವಸ್ತು ಕೊಳ್ಳುವುದಾದರೆ ಟಾಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟಿನ, ಅಂದರೆ ಪ್ಲಾಸ್ಟಿಕ್ ಬೆಸೆಯುವ ತೆಳು ದ್ರವದ, 40 ಮಿ.ಲೀ. ಬಾಟಲಿ ಕೊಳ್ಳಿ. ಉಳಿದದ್ದು ಕಿಟ್ಟಿನ ಡಬ್ಬಿಯಲ್ಲೇ ಇದೆ. ಕೈಯಲ್ಲಿ ಇನ್ನಷ್ಟು ದುಡ್ಡು ಇದ್ದರೆ ಎರಡು ಕಡ್ಡಿ ಸೇರಿಸಿ ನಾದುವ ನಯವಾದ ಎಪಾಕ್ಸಿ ಪುಟ್ಟಿ, ಮಿಲಿಪುಟ್ ಸೂಪರ್‌ಫೈನ್ ವೈಟ್. ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ, ಅಂದರೆ ಯಾವ ಕಂಪನಿಯದಾದರೂ ಎಲ್ಲರೂ ಎಂ-ಸೀಲ್ ಎಂದೇ ಕೇಳಿ ತರುವ ಆ ಎರಡು ಮುದ್ದೆಯ ಸಾಮಾನು, ಟ್ಯಾಂಕಿಗೆ ಹೊಂದುವುದಿಲ್ಲ. ದೊಡ್ಡ ಅಳತೆಯ ಟ್ರ್ಯಾಕ್ಟರ್ ಟ್ರಾಲಿಗೆ ಮಾತ್ರ ಅದು ಲೇಸು. ಮಿಸ್ಟರ್ ಸರ್ಫೇಸರ್ 500 ಎಂಬ ದ್ರವ ಪುಟ್ಟಿ ಸಣ್ಣ ಅಳತೆಯವರ ವಸ್ತು.

ಈ ನಾಲ್ಕನ್ನೂ ಇಲ್ಲಿ ಕಲಬುರಗಿಯ ಲೆಕ್ಕದಲ್ಲಿ ತೂಗಿದ್ದೇವೆ. ಡಬ್ಬಿಯ ಮೇಲಿನ ಸೂಚನೆ ಬರೆದವರು 20-25 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ 40 ದಾಟುವ ಊರಿನಲ್ಲಿ ಅದೇ ಸೂಚನೆ ಪಾಲಿಸಿದರೆ ಪುಟ್ಟಿ ಕೈಯಲ್ಲೇ ಕಲ್ಲಾಗುತ್ತದೆ, ಸಿಮೆಂಟ್ ಕುಂಚದಲ್ಲೇ ಆರಿಹೋಗುತ್ತದೆ.

ಕೊಳ್ಳುವ ಮಾತಿಗಿಂತ ಮೊದಲು ಅಳತೆಯ ಮಾತು. ಮಾಡೆಲ್‌ಗಳಲ್ಲಿ ವೆಲ್ಡಿಂಗ್ ಗೆರೆ ಕೆಡುವುದು ಬಹುಪಾಲು ದಪ್ಪದಿಂದ. ನಿಜವಾದ ಗೆರೆ 20 ಮಿ.ಮೀ. ಅಗಲವಿದ್ದರೆ 1/35ರಲ್ಲಿ ಅದು 0.57 ಮಿ.ಮೀ.; 12 ಮಿ.ಮೀ. ಇದ್ದರೆ 0.34. 1/72ರಲ್ಲಿ ಇವೇ ಗೆರೆಗಳು 0.28 ಮತ್ತು 0.17ಕ್ಕೆ ಇಳಿಯುತ್ತವೆ. ಒಂದು ಮಿ.ಮೀ. ಅಗಲದ ಪುಟ್ಟಿ ಎಳೆಯನ್ನು 1/35 ಟ್ಯಾಂಕಿನ ಮೇಲೆ ಕೂರಿಸಿದರೆ ಅದು 35 ಮಿ.ಮೀ. ವೆಲ್ಡಿಂಗ್ ಆಯಿತು. ಅಷ್ಟು ಅಗಲದ್ದು ದಪ್ಪ ಕವಚದಲ್ಲಿ ಹಲವು ಪದರ ಹೊಡೆದ ಕಡೆ ಇರಬಹುದು, ಎಲ್ಲ ಕಡೆ ಇರುವುದಿಲ್ಲ.

ನಿಜವಾದ ಗೆರೆ ನೋಡಲು ಟ್ಯಾಂಕ್ ಹುಡುಕಿಕೊಂಡು ಹೋಗಬೇಕಿಲ್ಲ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋದರೆ ಟ್ರಾಲಿ ಕಟ್ಟುವ, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯ ಮುಂದೆ ಸ್ಲ್ಯಾಗ್ (ವೆಲ್ಡಿಂಗ್ ಮೇಲೆ ಕಟ್ಟುವ ಗಟ್ಟಿ ಸಿಪ್ಪೆ) ಬಡಿಯದ ಗೆರೆ, ಬಡಿದ ಗೆರೆ, ಗ್ರೈಂಡರ್ ಹೊಡೆದ ಗೆರೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. 3.15 ಮಿ.ಮೀ. ರಾಡಿನಲ್ಲಿ ಒಂದೇ ಸಲ ಎಳೆದ ಗೆರೆ ಸುಮಾರು ರಾಡಿನ ಎರಡರಿಂದ ಮೂರು ಪಟ್ಟು ಅಗಲ ಬರುತ್ತದೆ. ಅಲ್ಲಿ ಒಂದು ಸಂಗತಿಯನ್ನು ಕಣ್ಣಿಟ್ಟು ನೋಡಿ: ಗೆರೆಯ ಮೇಲಿನ ಅರ್ಧಚಂದ್ರದ ಅಲೆಗಳ ಉಬ್ಬಿದ ಬದಿ ವೆಲ್ಡರ್ ಎಲ್ಲಿಂದ ಶುರು ಮಾಡಿದನೋ ಆ ಕಡೆಗೆ ಇರುತ್ತದೆ. ಕರಗಿದ ಲೋಹದ ಮಡು ಮುಂದಕ್ಕೆ ಸರಿದಂತೆ ಅದರ ಹಿಂಬದಿಯ ದುಂಡು ಅಂಚು ಗಟ್ಟಿಯಾಗುತ್ತಾ ಬರುವುದೇ ಇದಕ್ಕೆ ಕಾರಣ. ಒಂದೇ ಗೆರೆಯಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ ಅಲೆ ಒತ್ತಿದ ಮಾಡೆಲ್ಲನ್ನು ವೆಲ್ಡಿಂಗ್ ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ರಾಡ್ ಬದಲಿಸಿದ ಜಾಗದಲ್ಲಿ ಒಂದು ಸಣ್ಣ ಉಬ್ಬು ಅಥವಾ ಕುಳಿ ಬೀಳುವುದನ್ನೂ ಗಮನಿಸಿ. ಮಾಡೆಲ್ ಮೇಲೆ ಅದನ್ನು ಒಂದೆರಡು ಕಡೆ ಹಾಕಿದರೆ ಗೆರೆಗೆ ಜೀವ ಬರುತ್ತದೆ.

ಯಾವ ಗಾಡಿಗೆ ಯಾವ ಗೆರೆ ಎಂಬುದು ಇನ್ನೊಂದು ಪ್ರಶ್ನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ವೆಲ್ಡಿಂಗ್ ತಜ್ಞ ಯೆವ್ಗೆನಿ ಪಟೋನ್ ಅವರ ಸಂಸ್ಥೆ ಉರಾಲ್ ಕಡೆಯ ನಿಜ್ನಿ ತಾಗಿಲ್‌ಗೆ ಸ್ಥಳಾಂತರಗೊಂಡು ಅಲ್ಲಿನ ಟಿ-34 ಟ್ಯಾಂಕ್ ಕಾರ್ಖಾನೆಯಲ್ಲಿ ಸ್ವಯಂಚಾಲಿತ ವೆಲ್ಡಿಂಗ್ ತಂದಿತು. ಆ ಯಂತ್ರದ ಗೆರೆ ಉದ್ದಕ್ಕೂ ಒಂದೇ ಸಮ, ಅಲೆ ಕಡಿಮೆ. ಕೈಯಲ್ಲಿ ಹೊಡೆದದ್ದು ಒರಟು, ಏರುಪೇರು. ಒಂದೇ ಟಿ-34ರ ಮೇಲೆ ಎರಡೂ ಬರಬಹುದು. ಜರ್ಮನಿಯ ಟೈಗರ್ ಮತ್ತು ಪ್ಯಾಂಥರ್‌ಗಳಲ್ಲಿ ಕವಚದ ತಟ್ಟೆಗಳು ಹಲ್ಲುಹಲ್ಲಾಗಿ ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಗೆರೆಯೂ ಮೆಟ್ಟಿಲಿನಂತೆ ತಿರುಗುತ್ತದೆ, ಪ್ರತಿ ಮೂಲೆಯಲ್ಲೂ ನಿಂತು ಮತ್ತೆ ಶುರುವಾಗುತ್ತದೆ. ಅಮೆರಿಕದ ಶೆರ್ಮನ್‌ನಲ್ಲಿ ಎಂ4ಎ1 ಎರಕದ ಒಡಲು, ಎಂ4ಎ2 ಮತ್ತು ಎಂ4ಎ3 ವೆಲ್ಡಿಂಗ್ ಒಡಲು; ಎರಕದ ಒಡಲಿಗೆ ತಟ್ಟೆ ಜೋಡಿಸಿದ ಗೆರೆ ಹಾಕುತ್ತಾ ಹೋದರೆ ಅದು ಅಲಂಕಾರವಾಗುತ್ತದೆ, ವಿವರವಾಗುವುದಿಲ್ಲ. ಸೋವಿಯತ್ ಟಿ-55ರ ಗೋಪುರ, ಅಂದರೆ ತೋಪು ಕೂತ ತಿರುಗುವ ಭಾಗ, ಎರಕದ್ದು, ಅದರ ಮಾಳಿಗೆಯ ತಟ್ಟೆಗಳನ್ನು ಕೂರಿಸಿದ ಗೆರೆ ಮಾತ್ರ ಎದ್ದು ಕಾಣುತ್ತದೆ. ಅದೊಂದನ್ನು ಚೆನ್ನಾಗಿ ಮಾಡಿದರೆ ಸಾಕು.

ಈಗ ಸಿಮೆಂಟಿಗೆ ಬರೋಣ.

ಎಕ್ಸ್‌ಟ್ರಾ ಥಿನ್ ಅಂದರೆ ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್ ಸೇರಿದ ದ್ರಾವಣ. ಹೆಸರು ಸಿಮೆಂಟ್ ಆದರೂ ಇದರಲ್ಲಿ ಅಂಟು ಎಂಬುದೇ ಇಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ವೆಲ್ಡಿಂಗ್ ಗೆರೆಗೆ ನಮಗೆ ಬೇಕಾದದ್ದೂ ಆ ಕರಗಿಸುವ ಗುಣವೇ. ಕಡು ಹಸಿರು ಮುಚ್ಚಳದ್ದು ಮಾಮೂಲಿ, ತಿಳಿ ಹಸಿರು ಮುಚ್ಚಳದ್ದು ಬೇಗ ಆರುವ ಕ್ವಿಕ್ ಸೆಟ್ಟಿಂಗ್. ಈ ಕೆಲಸಕ್ಕೆ ಕಡು ಹಸಿರನ್ನೇ ತರಿಸಿ. ನಮ್ಮ ಬಿಸಿಲಿಗೆ ಮಾಮೂಲಿಯದೇ ಬೇಗ ಆರುತ್ತದೆ, ಇನ್ನೊಂದರಲ್ಲಿ ಅಲೆ ಒತ್ತಲು ಸಮಯವೇ ಸಿಗುವುದಿಲ್ಲ. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಇದರ ಬದಲಿಗೆ ನಡೆಯುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ ನಿಜ, ಹಿಡಿತ ಮಾತ್ರ ಇಲ್ಲ: ಕವಚದ ಮೈಯೂ ಸುಕ್ಕಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬರೀ ಅಸಿಟೋನ್ ಆದರೆ ಮೆದುವಾಗುವ ಮೊದಲೇ ಹಾರಿಹೋಗುತ್ತದೆ.

ಇದಕ್ಕೆ ಜೊತೆ ಸ್ಪ್ರೂ, ಅಂದರೆ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು. ಹತ್ತು ಸೆಂ.ಮೀ. ತುಂಡು ತಗೊಂಡು ಮೇಣದಬತ್ತಿಯ ಉರಿಯ ತುದಿಗಿಂತ ಎರಡು-ಮೂರು ಸೆಂ.ಮೀ. ಮೇಲೆ ಹಿಡಿದು ಬೆರಳಲ್ಲಿ ತಿರುಗಿಸುತ್ತಿರಿ. ಉರಿಗೆ ತಾಗಿದರೆ ಕಪ್ಪಾಗಿ ಹತ್ತಿಕೊಳ್ಳುತ್ತದೆ. ನಡುಭಾಗ ಹೊಳಪಾಗಿ ಬಾಗತೊಡಗಿದಾಗ ಉರಿಯಿಂದ ಪಕ್ಕಕ್ಕೆ ತಂದು, ಅರೆಗಳಿಗೆ ತಡೆದು, ಎರಡೂ ಕಡೆ ಎಳೆಯಿರಿ. ಬೇಗ ಎಳೆದರೆ ಕೂದಲಿನಷ್ಟು, ನಿಧಾನ ಎಳೆದರೆ ದಪ್ಪ. ಎಳೆದ ಮೇಲೆ ಐದಾರು ಸೆಕೆಂಡು ಬಿಗಿಯಾಗಿಯೇ ಹಿಡಿದಿರಿ, ಇಲ್ಲದಿದ್ದರೆ ತಣ್ಣಗಾಗುವಾಗ ಸೊಟ್ಟಗಾಗುತ್ತದೆ. ಫ್ಯಾನ್ ಬಂದ್ ಇರಲಿ. ಅದಕ್ಕಿಂತ ಮುಖ್ಯ, ಮೇಣದಬತ್ತಿ ಹಚ್ಚುವ ಮೊದಲು ಸಿಮೆಂಟ್ ಬಾಟಲಿಯ ಮುಚ್ಚಳ ಬಿಗಿಯಾಗಿ ಮುಚ್ಚಿ ಇನ್ನೊಂದು ಕೋಣೆಯಲ್ಲಿ ಇಟ್ಟುಬನ್ನಿ. ಅಸಿಟೋನ್ ಆವಿಗೆ ಬೆಂಕಿ ಹತ್ತಲು ತಡವಾಗುವುದಿಲ್ಲ. ಗಾಜಿನ ಭಾಗಗಳ ಪಾರದರ್ಶಕ ಸ್ಪ್ರೂ ಈ ಕೆಲಸಕ್ಕೆ ಬರುವುದಿಲ್ಲ, ಅದು ಬಿರುಸು, ಬಾಗಿಸುವಾಗ ಮುರಿಯುತ್ತದೆ.

1/35ಕ್ಕೆ 0.3ರಿಂದ 0.5 ಮಿ.ಮೀ. ಎಳೆ ಸರಿ. ಒಂದೇ ಕೂತಲ್ಲಿ ಹತ್ತಿಪ್ಪತ್ತು ಎಳೆದು, ದಪ್ಪದ ಪ್ರಕಾರ ಬೇರೆಬೇರೆ ಸ್ಟ್ರಾ ಕೊಳವೆಯಲ್ಲಿ ಹಾಕಿಡಿ. ಒಂದು ಉದ್ದದ ಗೆರೆಗೆ ಎರಡು ತುಂಡು ಜೋಡಿಸಬೇಕಾದರೆ ದಪ್ಪ ಒಂದೇ ಇರಬೇಕು.

ಎಳೆಯನ್ನು ಹಾಗೇ ಮೂಲೆಗೆ ಅಂಟಿಸುವುದಕ್ಕಿಂತ ಮೊದಲು ತೋಡು ಕೊರೆಯಿರಿ. ಬೀದರಿನ ಬಿದರಿ ಕೆಲಸದಲ್ಲಿ ಲೋಹದ ಮೈ ಕೊರೆದು ಆ ತೋಡಿಗೇ ಬೆಳ್ಳಿ ತಂತಿ ಕೂರಿಸುತ್ತಾರಲ್ಲ, ಲೆಕ್ಕ ಅದೇ: ತೋಡು ಇಲ್ಲದೆ ಎಳೆ ನಿಲ್ಲುವುದಿಲ್ಲ, ನಿಂತರೂ ಮೇಲೆ ಇಟ್ಟಂತೆ ಕಾಣುತ್ತದೆ. ಹವ್ಯಾಸದ ಚಾಕುವಿನ 11ನೇ ನಂಬರ್ ಬ್ಲೇಡಿನ ಬೆನ್ನನ್ನು ಉಕ್ಕಿನ ಸ್ಕೇಲಿಗೆ ಆನಿಸಿ ಹಗುರಾಗಿ ಐದಾರು ಸಲ ಎಳೆದರೆ 0.2-0.3 ಮಿ.ಮೀ. ಆಳದ ತೋಡು ಬೀಳುತ್ತದೆ. ಮೊದಲ ಎರಡು ಸಲ ಒತ್ತಡವೇ ಬೇಡ, ದಾರಿ ಗುರುತಾದರೆ ಸಾಕು. ಒತ್ತಿದರೆ ಬ್ಲೇಡ್ ಜಾರಿ ಕವಚದ ಮೇಲೆ ಗೀರು ಬೀಳುತ್ತದೆ. ಕಿಟ್ಟಿನಲ್ಲೇ ಅಚ್ಚಿನಲ್ಲಿ ಬಂದ ಗೆರೆ ಚಪ್ಪಟೆಯಾಗಿದ್ದರೆ ಅದನ್ನು ಹೆರೆದು, ಅದೇ ಜಾಗದಲ್ಲಿ ತೋಡು ಹಾಕಿ. ಹೆರೆಯುವ ಮೊದಲು ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಎಲ್ಲಿ ಶುರು ಎಲ್ಲಿ ಮುಗಿತಾಯ ಎಂಬುದು ಆಮೇಲೆ ನೆನಪಿರುವುದಿಲ್ಲ.

ಎಳೆಯ ಒಂದು ತುದಿಯನ್ನು ತೋಡಿನಲ್ಲಿಟ್ಟು ಸಿಮೆಂಟಿನ ಸಣ್ಣ ಚುಕ್ಕೆ ಮುಟ್ಟಿಸಿ. ವೆಲ್ಡರುಗಳು ಮೊದಲು ಟ್ಯಾಕ್ ಹೊಡೆಯುವ ಹಾಗೆ ಇದೂ ಬರೀ ಹಿಡಿತಕ್ಕೆ. ಒಂದು ನಿಮಿಷ ಬಿಟ್ಟು ಎಳೆಯನ್ನು ಹಗುರಾಗಿ ಬಿಗಿಮಾಡಿ ಇನ್ನೊಂದು ತುದಿಗೂ ಹಾಗೇ ಮಾಡಿ. ಆಮೇಲೆ ಉದ್ದಕ್ಕೂ ಕುಂಚ ಆಡಿಸಿ. ಬಾಟಲಿಯ ಕುಂಚವನ್ನು ಕಂಠಕ್ಕೆ ಎರಡು ಸಲ ಒರೆಸಿಯೇ ಹೊರಗೆ ತೆಗೆಯಿರಿ, ತುಂಬಿದ ಕುಂಚ ಅಂದರೆ ಕವಚದ ಮೇಲೆ ಹೊಂಡ. ಒಂದರಿಂದ ಎರಡು ನಿಮಿಷದ ಅಂತರದಲ್ಲಿ ಎರಡು-ಮೂರು ಸಲ ಹಚ್ಚಿದರೆ ಎಳೆ ಗೋಂದಿನಂತೆ ಮೆದುವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಆ ಅಂತರವನ್ನು ಅರ್ಧ ಮಾಡಿ, ಒಮ್ಮೆಗೆ ಮೂರು ಸೆಂ.ಮೀ.ಗಿಂತ ಹೆಚ್ಚು ಉದ್ದ ಹಿಡಿಯಬೇಡಿ. ಬೆಳಗಿನ ಹೊತ್ತು ಕೂತರೆ ಇನ್ನೂ ಒಳ್ಳೆಯದು.

ಅಲೆ ಒತ್ತುವ ಹತಾರಿಗೆ ಹೊರಗಿನಿಂದ ಏನೂ ತರಿಸಬೇಡಿ. ಸರ್ಕಾರಿ ಆಸ್ಪತ್ರೆಯ ಮುಂದಿನ ಯಾವುದೇ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಇಂಜೆಕ್ಷನ್ ಸೂಜಿಯೇ ಈ ಕೆಲಸದ ರಾಜ. 22 ಗೇಜ್ ಅಂದರೆ ಹೊರವ್ಯಾಸ 0.7 ಮಿ.ಮೀ., 24 ಗೇಜ್ 0.55, 26 ಗೇಜ್ 0.45. ಸೂಜಿಯ ಓರೆ ತುದಿಯನ್ನು ಸಾಣೆಕಲ್ಲಿನ ಮೇಲೆ ನೇರಕ್ಕೆ ಉಜ್ಜಿ ಚಪ್ಪಟೆ ಮಾಡಿ. ಆಮೇಲೆ ಕೊಳವೆಯ ಒಂದು ಬದಿಯನ್ನು ಎರಡು-ಮೂರು ಮಿ.ಮೀ. ಉದ್ದಕ್ಕೆ ಅರ್ಧದಷ್ಟು ಸವೆಸಿದರೆ ತುದಿ ಅರ್ಧಚಂದ್ರವಾಗುತ್ತದೆ. ಒಳಗೆ ಉಳಿದ ಉಕ್ಕಿನ ಪುಡಿಯನ್ನು ತಂತಿಯಿಂದ ದೂಡಿ ತೆಗೆಯಿರಿ. ಹಿಡಿಯಲು ಹಳೆಯ ಬಾಲ್‌ಪೆನ್ನಿನ ಕೊಳವೆಗೆ ಸಿಕ್ಕಿಸಿದರೆ ಆಯಿತು. ಗೆರೆಗಿಂತ ಒಂದು ಅಳತೆ ದೊಡ್ಡ ಸೂಜಿ ಬಳಸಿ: 0.4ರ ಎಳೆಗೆ 24 ಗೇಜ್. ಸೂಜಿಯ ವ್ಯಾಸ ಎಳೆಗಿಂತ ಸಣ್ಣದಾದರೆ ಅಲೆಯ ಬದಲು ಗೆರೆಯ ನಡುವೆ ಸಾಲು ಚುಕ್ಕೆ ಬೀಳುತ್ತದೆ.

ಒತ್ತುವಾಗ ಸೂಜಿಯನ್ನು ಸುಮಾರು 45 ಡಿಗ್ರಿ ವಾಲಿಸಿ, ಒಂದು ತುದಿಯಿಂದ ಇನ್ನೊಂದರ ಕಡೆ ಹೋಗಿ, ಒತ್ತಿನಿಂದ ಒತ್ತಿಗೆ 0.3-0.4 ಮಿ.ಮೀ. ಅಂತರ ಇರಲಿ. ಅಳೆದಂತೆ ಒಂದೇ ಸಮ ಬಂದರೆ ಅದು ಸ್ಕ್ರೂವಿನ ಮರೆಯಂತೆ ಕಾಣುತ್ತದೆ. ಕೈಯಿಂದ ಹೊಡೆದ ಗೆರೆ ತೋರಿಸಬೇಕಾದರೆ ಕೆಲವು ಒತ್ತು ಹತ್ತಿರ, ಕೆಲವು ದೂರ, ಅಲ್ಲಲ್ಲಿ ಒಂದನ್ನು ಬಿಟ್ಟೇ ಹೋಗಿ. ಪಟೋನ್ ಯಂತ್ರದ ಗೆರೆ ಬೇಕಾದರೆ ಒತ್ತುವುದೇ ಬೇಡ, ಮೆದುವಾದ ಎಳೆಯ ಮೇಲೆ ಬ್ಲೇಡಿನ ಚಪ್ಪಟೆ ಬದಿಯನ್ನು ಒಮ್ಮೆ ಸವರಿದರೆ ಆಯಿತು. ಸೂಜಿಗೆ ಪ್ಲಾಸ್ಟಿಕ್ ಎಳೆಎಳೆಯಾಗಿ ಅಂಟಿಕೊಂಡು ಬರುತ್ತಿದ್ದರೆ ಇನ್ನೂ ಹಸಿ ಎಂದರ್ಥ. ಅರ್ಧ ನಿಮಿಷ ತಡೆಯಿರಿ. ಒತ್ತಿದ ಗುರುತು ಬಿಳಿಚಿಕೊಂಡರೆ ಆರಿದೆ. ಇನ್ನೊಂದು ಸಲ ಸಿಮೆಂಟ್ ಸವರಿ. ಮುಗಿದ ಮೇಲೆ ಒಂದು ದಿನ ಮುಟ್ಟಬೇಡಿ. ಮೇಲ್ಮೈ ಗಟ್ಟಿ ಅನ್ನಿಸಿದರೂ ಒಳಗೆ ಮೆದು ಇರುತ್ತದೆ, ಬೇಗ ಎಮರಿ ಪೇಪರ್ ಹಾಕಿದರೆ ಅಲೆಯೆಲ್ಲ ಅಳಿಸಿ ಹೋಗುತ್ತದೆ.

ಇದರ ಮಿತಿಯೂ ಇದೆ. ಸಿಮೆಂಟ್ ಕರಗಿಸುವುದು ಸ್ಟೈರೀನ್ ಪ್ಲಾಸ್ಟಿಕ್ಕನ್ನು. ರೆಸಿನ್ ಗೋಪುರ, 3ಡಿ ಪ್ರಿಂಟ್ ಭಾಗ, ಲೋಹದ ತೋಪಿನ ನಳಿಗೆ, ಹಿತ್ತಾಳೆಯ ತೆಳು ತಗಡು, ಇವುಗಳ ಮೇಲೆ ಅದು ನೀರು ಸವರಿದಂತೆ. ಬಣ್ಣ ಹಚ್ಚಿದ ಮಾಡೆಲ್ ಮೇಲೂ ನಡೆಯುವುದಿಲ್ಲ. ಅಲ್ಲೆಲ್ಲ ಪುಟ್ಟಿಯೇ ಗತಿ.

ಮಿಲಿಪುಟ್ ಬ್ರಿಟನ್ನಿನ ವೇಲ್ಸ್‌ನದು. 113.4 ಗ್ರಾಂ ಡಬ್ಬಿಯಲ್ಲಿ ಎರಡು ಕಡ್ಡಿ, ಒಂದು ರೆಸಿನ್, ಒಂದು ಹಾರ್ಡನರ್. ಸ್ಟ್ಯಾಂಡರ್ಡ್ ಎಂಬ ಹಳದಿ-ಬೂದು ಬಣ್ಣದ್ದು ಅಗ್ಗ, ಆದರೆ ಕಣ ದಪ್ಪ. ವೆಲ್ಡಿಂಗ್ ಗೆರೆಗೆ ಸೂಪರ್‌ಫೈನ್ ವೈಟ್ ಮಾತ್ರ ನೋಡಿ. ಹಾರ್ಡ್‌ವೇರ್ ಎಪಾಕ್ಸಿಯ ಹಲವು ಪಟ್ಟು ಬೆಲೆ ಎಂದು ಹಿಂಜರಿಯುವವರಿಗೆ ಒಂದು ಲೆಕ್ಕ: ಒಂದು ಟ್ಯಾಂಕಿನ ಗೆರೆಗಳಿಗೆಲ್ಲ ಎರಡು ಕಡಲೆ ಕಾಳಿನಷ್ಟು ಪುಟ್ಟಿ ಸಾಕು. ಡಬ್ಬಿ ಮುಗಿಯುವುದಕ್ಕಿಂತ ಮೊದಲು ಹಳತಾಗುವುದೇ ಹೆಚ್ಚು.

ಎರಡೂ ಕಡ್ಡಿಯಿಂದ ಸಮ ಉದ್ದ ಕತ್ತರಿಸಿ ಐದು ನಿಮಿಷ ನಾದಿ. ಬಣ್ಣದಲ್ಲಿ ಒಂದು ಗೆರೆಯೂ ಉಳಿಯಬಾರದು, ಉಳಿದ ಕಡೆ ಎಂದಿಗೂ ಗಟ್ಟಿಯಾಗದ ಮೆತ್ತನೆ ಚುಕ್ಕೆ ಇರುತ್ತದೆ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಎಪಾಕ್ಸಿಯಲ್ಲಿ ಎರಡೂ ಸಮವಾಗಿ ಕೂಡಿಯೇ ಗಟ್ಟಿಯಾಗಬೇಕು, ಹೆಚ್ಚಾದದ್ದು ಜಿಗುಟಾಗಿ ಉಳಿಯುತ್ತದೆ. ಕೈಗೆ ಗ್ಲೌಸ್ ಹಾಕಿ. ಹಾರ್ಡನರ್ ಚರ್ಮಕ್ಕೆ ತುರಿಕೆ ತರಬಲ್ಲದು, ಬೆವರಿದ ಕೈಗೆ ಇನ್ನೂ ಹೆಚ್ಚು.

ನಾದಿದ ತಕ್ಷಣ ಎಳೆ ಹೊಸೆಯಲು ಹೋಗಬೇಡಿ. ಆಗ ಅದು ಬೆಣ್ಣೆಯಷ್ಟು ಮೆದು, ಗಾಜಿಗೆ ಮೆತ್ತಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ 15-20 ನಿಮಿಷ ಬಿಟ್ಟರೆ ಹದ ಬರುತ್ತದೆ. ಗಾಜಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಅಕ್ರಿಲಿಕ್ ಹಾಳೆಯ ತುಂಡಿನಿಂದ ಹೊಸೆಯಿರಿ. ಬೆರಳಲ್ಲಿ ಹೊಸೆದರೆ ಉಬ್ಬುತಗ್ಗು ತಪ್ಪದು. ಹಾಳೆಯ ಎರಡು ಬದಿಗೆ 0.5 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರೆ ಎಳೆ ಅದಕ್ಕಿಂತ ತೆಳುವಾಗಲು ಬಿಡುವುದಿಲ್ಲ, ಪ್ರತಿ ಸಲ ಒಂದೇ ದಪ್ಪ. ಎಳೆಯನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ ತೋಡಿಗೆ ಇಳಿಸಿ, ಅದೇ ಕುಂಚದಲ್ಲಿ ಹಗುರಾಗಿ ಒತ್ತಿ, ಮೇಲೆ ಹೇಳಿದ ಸೂಜಿಯನ್ನು ನೀರಿಗೆ ಅದ್ದಿ ಅದ್ದಿ ಅಲೆ ಹಾಕಿ. ಸೂಜಿ ಒಣಗಿದ್ದರೆ ಪುಟ್ಟಿ ಕಿತ್ತು ಬರುತ್ತದೆ. ನೀರು ಹೆಚ್ಚಾದರೆ ಅದು ಎಳೆಯ ಅಡಿಗೆ ಇಳಿಯುತ್ತದೆ, ಆರಿದ ಮೇಲೆ ಇಡೀ ಗೆರೆ ಒಂದು ಕಡ್ಡಿಯಂತೆ ಎದ್ದು ಬರುತ್ತದೆ. ಹಾಗೆ ಎದ್ದರೆ ಬಿಸಾಡಬೇಡಿ, ಸೂಪರ್ ಗ್ಲೂ ಸಣ್ಣ ಹನಿಯಲ್ಲಿ ಮತ್ತೆ ಕೂರಿಸಬಹುದು. ಬೋರ್‌ವೆಲ್ ನೀರಿನ ಗಡಸು ಆರಿದಾಗ ಬಿಳಿ ಕಲೆ ಬಿಡುತ್ತದೆ; ಕುಡಿಯುವ ಕ್ಯಾನ್ ನೀರೇ ಇಟ್ಟುಕೊಳ್ಳಿ.

ಹೊಸೆಯಲು ಬೇಸರವಾದವರಿಗೆ ಟೇಪಿನ ದಾರಿ. ಮಾಸ್ಕಿಂಗ್ ಟೇಪಿನ ಎರಡು ಪಟ್ಟಿಗಳನ್ನು ತೋಡಿನ ಎರಡೂ ಬದಿಗೆ 0.6 ಮಿ.ಮೀ. ಸಂದು ಬಿಟ್ಟು ಅಂಟಿಸಿ, ಸಂದಿಗೆ ಪುಟ್ಟಿ ಸವರಿ, ಅಲೆ ಒತ್ತಿ, ಹಸಿ ಇರುವಾಗಲೇ ಟೇಪ್ ಕೀಳಿ. ಗಟ್ಟಿಯಾದ ಮೇಲೆ ಕಿತ್ತರೆ ಗೆರೆಯ ಅಂಚು ಚೂರುಚೂರಾಗುತ್ತದೆ. ಗೆರೆಯ ಅಂಚು ಇದರಲ್ಲಿ ಕತ್ತರಿಸಿದಷ್ಟು ನೇರ ಬರುವುದರಿಂದ ಟೇಪ್ ತೆಗೆದ ಮೇಲೆ ಒದ್ದೆ ಕುಂಚದಿಂದ ಅಂಚನ್ನು ಒಂದು ಸಲ ಕದಡಬೇಕು.

ಬಿಸಿಲಿನ ಲೆಕ್ಕ ಇಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ಮಿಲಿಪುಟ್ ನಾದಿದ ಮೇಲೆ ಸುಮಾರು ಒಂದು ಗಂಟೆ ಕೆಲಸಕ್ಕೆ ಬರುತ್ತದೆ, ಮೂರ್ನಾಲ್ಕು ಗಂಟೆಗೆ ಗಟ್ಟಿ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬ ರೂಢಿಯ ಲೆಕ್ಕ ಹಿಡಿದರೆ, 40 ಡಿಗ್ರಿಯಲ್ಲಿ ಆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಹದ ಬರುವ ಕಾಲವೂ ಐದರಿಂದ ಏಳು ನಿಮಿಷವೇ. ಆದ್ದರಿಂದ ಬೇಸಿಗೆಯಲ್ಲಿ ತೊಗರಿ ಕಾಳಿನಷ್ಟು ಮಾತ್ರ ಕಲಸಿ, ಎರಡು ಗೆರೆ ಮುಗಿಸಿ, ಮತ್ತೆ ಕಲಸಿ. ಹೊಸೆದ ಎಳೆಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಪ್ಲಾಸ್ಟಿಕ್ ಮುಚ್ಚಿ ಫ್ರೀಜರಿನಲ್ಲಿಟ್ಟರೆ ಕ್ರಿಯೆ ನಿಧಾನವಾಗುತ್ತದೆ, ಬೇಕಾದಾಗ ಒಂದೊಂದೇ ತೆಗೆದುಕೊಳ್ಳಬಹುದು. ಅಡಿಗೆಯವರ ಒಪ್ಪಿಗೆ ಕೇಳಿಯೇ ಇಡಿ. ಇದೇ ಬಿಸಿಲಿಗೆ ಒಂದು ಉಪಕಾರವೂ ಉಂಟು: ಮುಗಿದ ಗೋಪುರವನ್ನು ಬೇಸಿಗೆಯ ಕೋಣೆಯಲ್ಲಿಟ್ಟರೆ ಒಂದೆರಡು ಗಂಟೆಯಲ್ಲಿ ಎಮರಿ ಪೇಪರಿಗೆ ಸಿದ್ಧ. ನೇರ ಬಿಸಿಲಲ್ಲಿ ಮಾತ್ರ ಇಡಬೇಡಿ, ತೆಳು ಪ್ಲಾಸ್ಟಿಕ್ ಭಾಗ ಬಾಗಬಹುದು.

ಪೇಟೆಯ ಎಪಾಕ್ಸಿಯದು ಬೇರೆ ಕಥೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುತ್ತದೆ, ಅಗ್ಗ, ಹಿಡಿತ ಗಟ್ಟಿ. ಪೈಪಿನ ಸೋರಿಕೆ ಮುಚ್ಚಲು ಮಾಡಿದ್ದು, ಆ ಕೆಲಸಕ್ಕೆ ಕಣದ ನಯ ಬೇಕಿಲ್ಲ. ಆದರೆ 0.4 ಮಿ.ಮೀ. ಎಳೆ ಹೊಸೆಯಲು ಹೋದರೆ ಕಣಗಳೇ ಅಡ್ಡ ಬಂದು ಎಳೆ ತುಂಡಾಗುತ್ತದೆ. ಅಲೆ ಒತ್ತಿದರೆ ಅಂಚು ಹರಿಯುತ್ತದೆ. ಹತ್ತು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯಂತೂ ಬೇಡವೇ ಬೇಡ, ನಮ್ಮ ಬೇಸಿಗೆಯಲ್ಲಿ ನಾದಿ ಮುಗಿಯುವುದರೊಳಗೆ ಬಿಸಿಯಾಗಿ ಬಿಗಿಯುತ್ತದೆ.

ಆದರೂ 1/16 ಅಳತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವವರು ಇದನ್ನು ತಳ್ಳಿಹಾಕಬೇಕಿಲ್ಲ. 8 ಮಿ.ಮೀ. ಗೆರೆ ಅಲ್ಲಿ ಸರಿಯಾಗಿ 0.5 ಮಿ.ಮೀ. ಆಗುತ್ತದೆ, ಊರ ಕಡೆ ತೊಗರಿ ಚೀಲ, ಶಹಾಬಾದ್ ಕಲ್ಲು ಹೊತ್ತು ಓಡಾಡುವ ಟ್ರಾಲಿಯ ಚಾಸಿಯಲ್ಲಿ ಗೆರೆ ಮೇಲೆ ಗೆರೆ ಹೊಡೆದು ರಿಪೇರಿ ಮಾಡಿದ್ದು ಅದಕ್ಕಿಂತಲೂ ದಪ್ಪ. ಅಲ್ಲಿ ಕಣದ ಒರಟೇ ಅನುಕೂಲ. ಹುಕ್ಕಿನ ಹತ್ತಿರ, ಆಕ್ಸಲ್ ಕೂರುವ ಬ್ರಾಕೆಟ್ಟಿನ ಸುತ್ತ, ಪಕ್ಕದ ಹಲಗೆಯ ಕೀಲಿನಲ್ಲಿ ಎಪಾಕ್ಸಿಯನ್ನು ಒರಟಾಗಿ ಮೆತ್ತಿ, ಹಳೆ ಹಲ್ಲುಜ್ಜುವ ಬ್ರಷ್ಷಿನ ತುದಿಯಿಂದ ಚುಚ್ಚಿದರೆ ಸ್ಲ್ಯಾಗ್ ಬಡಿಯದ ವೆಲ್ಡಿಂಗಿನ ಮೈ ಬರುತ್ತದೆ. ಟ್ರಾಲಿಯಲ್ಲಿ ಗೆರೆ ಉದ್ದಕ್ಕೂ ಇರುವುದಿಲ್ಲ. ಒಂದೊಂದು ಇಂಚಿನ ತುಂಡು ಹೊಡೆದು ನಡುವೆ ಬಿಟ್ಟಿರುತ್ತಾರೆ. ಹಾಗೇ ತೋರಿಸಿ.

ಮಿಸ್ಟರ್ ಸರ್ಫೇಸರ್ 500 ಜಿಎಸ್‌ಐ ಕ್ರಿಯೋಸ್‌ನ 40 ಮಿ.ಲೀ. ಬಾಟಲಿ, ದಪ್ಪ ದ್ರವ ಪುಟ್ಟಿ. ಹೆಸರಿನ ಸಂಖ್ಯೆ ಕಣದ ನಯ ಸೂಚಿಸುತ್ತದೆ. 1000 ಇನ್ನೂ ನಯ. ಟೇಪಿನ ಸಂದಿಗೆ ಕುಂಚದಿಂದ ಮೂರು-ನಾಲ್ಕು ಕೋಟು ಹಾಕಿ, ಕೊನೆಯದು ಜಿಗುಟಾಗಿರುವಾಗ ಗಡಸು ಕುಂಚದಿಂದ ಕುಟ್ಟಬೇಕು. ಆರುವಾಗ ಕುಗ್ಗುತ್ತದೆ, ಆದ್ದರಿಂದ 1/35ರ ಉಬ್ಬು ಗೆರೆಗೆ ಸಾಲದು. 1/72ಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ: ಆ ಅಳತೆಯಲ್ಲಿ ಅಲೆ ಕಾಣುವುದೇ ಇಲ್ಲ, ಮೂಲೆಯಲ್ಲಿ ಒಂದು ತೆಳು ಒರಟು ಗೆರೆ ಇದ್ದರೆ ಮುಗಿಯಿತು. ವಾಸನೆ ಬಲವಾಗಿದೆ, ಕಿಟಕಿ ತೆರೆದಿಡಿ.

ರೆಸಿನ್ನಿನ ಉಬ್ಬು ಡೆಕಲ್‌ಗಳೂ ಸಿಗುತ್ತವೆ. ನೀರಲ್ಲಿ ನೆನೆಸಿ ಅಂಟಿಸಿದರೆ ಅಲೆ ಸಮೇತ ಗೆರೆ ಸಿದ್ಧ, ಅಗಲವೂ ಕರಾರುವಾಕ್ಕು. ಬಾಗಿದ ಮೂಲೆಯಲ್ಲಿ, ಟೈಗರಿನ ಹಲ್ಲು ಜೋಡಣೆಯಲ್ಲಿ ಕತ್ತರಿಸಿ ಕೂರಿಸುವುದು ತಾಳ್ಮೆಯ ಕೆಲಸ, ಬೆಲೆಯೂ ದುಬಾರಿ. ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ನೇರವಾಗಿ ಪ್ಲಾಸ್ಟಿಕ್ ಮೇಲೆ ಒತ್ತುವ ಪದ್ಧತಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗುತ್ತದೆ, ಕಡ್ಡಿಯ ತುದಿ ಅದರ ಹಲವು ಪಟ್ಟು ಬಿಸಿ. ರೆಗ್ಯುಲೇಟರ್ ಇಲ್ಲದೆ ಇಟ್ಟರೆ ಅಲೆಯ ಬದಲು ತೂತು, ಜೊತೆಗೆ ಮೂಗಿಗೆ ವಿಷದ ಹೊಗೆ.

ಬಣ್ಣದ ಹಂತದಲ್ಲಿ ಮಾಡಿದ ಕೆಲಸವನ್ನೆಲ್ಲ ಮುಚ್ಚಿಬಿಡುವವರೇ ಹೆಚ್ಚು. ಪ್ರೈಮರನ್ನು ಕುಂಚದಿಂದ ದಪ್ಪ ಬಳಿದರೆ 0.1 ಮಿ.ಮೀ. ಆಳದ ಅಲೆ ತುಂಬಿಹೋಗುತ್ತದೆ. ಸ್ಪ್ರೇಯಿಂದ ಎರಡು ತೆಳು ಕೋಟು ಸಾಕು. ಮೊದಲ ಕೋಟು ಬಿದ್ದ ಕೂಡಲೇ ಗೆರೆಯ ನಿಜರೂಪ ತಿಳಿಯುತ್ತದೆ, ಏಕೆಂದರೆ ಬಿಳಿ ಪುಟ್ಟಿ, ಬೂದು ಪ್ಲಾಸ್ಟಿಕ್ ಎರಡು ಬಣ್ಣದಲ್ಲಿ ಕಣ್ಣು ಮೋಸಹೋಗುತ್ತದೆ. ಉಬ್ಬು ಹೆಚ್ಚು ಕಂಡಲ್ಲಿ 600 ನಂಬರ್ ಎಮರಿ ಪೇಪರಿನ ಸಣ್ಣ ಚೂರಿನಿಂದ ಎರಡು ಸಲ ಸವರಿ. ಮೇಲ್ಬಣ್ಣ, ಹೊಳಪು ವಾರ್ನಿಷ್ ಆದ ಮೇಲೆ ಬರ್ನ್ಟ್ ಅಂಬರ್ ಎಂಬ ಕಡುಕಂದು ಆಯಿಲ್ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ಚಹಾದ ನೀರಿನಷ್ಟು ತೆಳು ಮಾಡಿ ಗೆರೆಯ ಅಂಚಿಗೆ ಮಾತ್ರ ಮುಟ್ಟಿಸಿ. ಅದು ತಾನೇ ಅಲೆಗಳ ನಡುವೆ ಹರಿಯುತ್ತದೆ. ಕಾರ್ಖಾನೆಯಿಂದ ಬಂದ ಟ್ಯಾಂಕಿನ ಗೆರೆ ಕವಚದಷ್ಟೇ ಬಣ್ಣ ಹೊದ್ದಿರುತ್ತದೆ, ಅದಕ್ಕೆ ಬೆಳ್ಳಿ ಬಣ್ಣ ಒರೆಸಿ ಹೊಳೆಯಿಸುವುದು ಬೇಡ. ಟ್ರಾಲಿಗೆ ಉಲ್ಟಾ: ಹೊಸ ವೆಲ್ಡಿಂಗ್ ಮೇಲೆ, ಅದರ ಸುತ್ತ ನಾಲ್ಕು ಬೆರಳು ಜಾಗಕ್ಕೆ ಕುಂಚದಿಂದ ಅಡ್ಡಾದಿಡ್ಡಿ ಬಳಿದ ರೆಡ್ ಆಕ್ಸೈಡ್ ಇರಬೇಕು, ಮೂಲ ಬಣ್ಣಕ್ಕೆ ಹೊಂದಿಸುವ ಗೊಡವೆಗೆ ಯಾರೂ ಹೋಗಿರುವುದಿಲ್ಲ.

ತರಿಸುವ ಮಾತು. ಸಿಮೆಂಟ್, ಸರ್ಫೇಸರ್ ಎರಡೂ ಬೇಗ ಹೊತ್ತಿಕೊಳ್ಳುವ ದ್ರವ, ಸಾಮಾನ್ಯ ವಿಮಾನ ಪಾರ್ಸೆಲ್ಲಿಗೆ ಹಾಕುವಂತಿಲ್ಲ. ರಸ್ತೆ ಮೂಲಕವೇ ಬರಬೇಕು, ತಡವಾಗುತ್ತದೆ. ಹೈದರಾಬಾದಿಗೆ ಹೋಗಿಬರುವವರಿದ್ದರೆ ಅವರ ಕೈಯಲ್ಲಿ ತರಿಸುವುದೂ ಒಂದು ದಾರಿ, ಬಾಟಲಿಯನ್ನು ನೇರವಾಗಿ ನಿಲ್ಲಿಸಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡದೆ. ಮಿಲಿಪುಟ್‌ಗೆ ಈ ತೊಂದರೆ ಇಲ್ಲ, ಆದರೆ ಡಬ್ಬಿ ಕೈಗೆ ಬಂದ ಕೂಡಲೇ ಕಡ್ಡಿ ಒತ್ತಿ ನೋಡಿ. ಒಳಗಿನವರೆಗೂ ಬಿಗಿದಿದ್ದರೆ ಹಳೆಯ ಸರಕು, ವಾಪಸ್ ಮಾಡಿ. ಹಾರ್ಡನರಿನ ಹೊರಮೈ ಮಾತ್ರ ಕಪ್ಪಾಗಿ ಸಿಪ್ಪೆಗಟ್ಟಿದ್ದರೆ ಆ ಸಿಪ್ಪೆ ಹೆರೆದು ಒಳಗಿನದು ಬಳಸಬಹುದು. ಸಿಪ್ಪೆ ಸೇರಿಸಿ ನಾದಿದರೆ ಎಳೆಯಲ್ಲಿ ಮರಳಿನಂಥ ಕಾಳು ಸಿಗುತ್ತವೆ. ತೆರೆದ ಕಡ್ಡಿಗಳನ್ನು ಬೇರೆಬೇರೆ ಜಿಪ್ ಚೀಲದಲ್ಲಿ, ಗಾಳಿ ಹಿಂಡಿ ಇಡಿ. ಸಿಮೆಂಟ್ ಬಾಟಲಿಯ ಕಂಠವನ್ನು ಪ್ರತಿ ಸಲ ಬಟ್ಟೆಯಿಂದ ಒರೆಸಿ ಮುಚ್ಚಿ: ಕರಗಿದ ಪ್ಲಾಸ್ಟಿಕ್ ಅಲ್ಲಿ ಆರಿ ಕೂತರೆ ಮುಚ್ಚಳ ಸರಿಯಾಗಿ ಕೂರದೆ, ಮೇ ತಿಂಗಳಲ್ಲಿ ಅರ್ಧ ಬಾಟಲಿ ಗಾಳಿಗೆ ಹೋಗುತ್ತದೆ.